ಹಳೆಯ ಸೈಕಲ್ಲಿನ ಹಟಮಾರಿ ಸೀಟು

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಗಯೋಲೆ ಎಂಬ ಪುಟ್ಟ ಊರಿದೆ. ಅಲ್ಲಿ ಪ್ರತಿವರ್ಷ ಅಕ್ಟೋಬರಿನಲ್ಲಿ ‘ಎರೋಯಿಕಾ’ ಎಂಬ ಸೈಕಲ್ ಸವಾರಿ ನಡೆಯುತ್ತದೆ. 1997ರಲ್ಲಿ ಆರಂಭವಾದಾಗ ಬಂದವರು 92 ಮಂದಿ. ಆ ಸೀಮೆಯ ಬಿಳಿಯ ಮಣ್ಣು-ಜಲ್ಲಿ ರಸ್ತೆಗಳನ್ನು ಡಾಂಬರಿನಿಂದ ಉಳಿಸಿಕೊಳ್ಳುವುದು ಮೂಲ ಉದ್ದೇಶ. ಸೈಕಲ್ 1987 ಅಥವಾ ಅದಕ್ಕೂ ಹಿಂದಿನದಾಗಿರಬೇಕು, ಬ್ರೇಕಿನ ತಂತಿ ಹ್ಯಾಂಡಲ್‌ನಿಂದ ಹೊರಗೆ ಕಾಣಬೇಕು. ಅತಿ ಉದ್ದದ ಮಾರ್ಗ 200 ಕಿಲೋಮೀಟರಿಗೂ ಹೆಚ್ಚು. ಗೋಡೆಗೆ ತೂಗುಹಾಕಿದ ಅಲಂಕಾರದ ಸೈಕಲ್ಲಿಗೆ ಅಲ್ಲಿ ಕೆಲಸವಿಲ್ಲ.

ಹಾಗೆಂದು ಅಟ್ಟದಿಂದ ಇಳಿಸಿದ ರೇಸ್ ಸೈಕಲ್ ತಕ್ಷಣ ಓಡುವುದುಂಟೆ? ಚೈನು, ಬೇರಿಂಗು, ತಂತಿಗಳನ್ನು ಬದಲಿಸುವುದು ಕಷ್ಟವಲ್ಲ. ತಲೆನೋವು ಕೊಡುವುದು ಸೀಟ್ ಪಿಲ್ಲರ್. ಎಷ್ಟೋ ವೇಳೆ ಅದು ಮೇಲೂ ಬಾರದು, ಕೆಳಗೂ ಹೋಗದು.

ಶಾಲೆಯಲ್ಲಿ ಓದಿದ ವಿದ್ಯುತ್ಕೋಶ ನೆನಪಿದೆಯೆ? ಎರಡು ಬೇರೆ ಲೋಹಗಳು, ನಡುವೆ ಉಪ್ಪುನೀರು. ಇಲ್ಲಿ ಫ್ರೇಮ್ ಉಕ್ಕು, ಪಿಲ್ಲರ್ ಅಲ್ಯೂಮಿನಿಯಂ, ಉಪ್ಪುನೀರು ಸವಾರನ ಬೆವರು! ಅಲ್ಯೂಮಿನಿಯಂ ನಿಧಾನವಾಗಿ ಸವೆದು ಬಿಳಿಯ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಇರುವ ಕೂದಲೆಳೆಯಷ್ಟು ಸಂದಿಯನ್ನೂ ತುಂಬಿ ಅದು ಬೆಣೆಯಂತೆ ಬಿಗಿಯುತ್ತದೆ.

ಎಣ್ಣೆ ಬಿಟ್ಟು ವಾರಗಟ್ಟಲೆ ಕಾಯುವವರಿದ್ದಾರೆ. ಕೆಲವೊಮ್ಮೆ ಫಲವೂ ಸಿಗುತ್ತದೆ. ಕಾಯಿಸಿದರೆ? ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಎರಡೂ ಬಿಸಿಯಾದಾಗ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ತಂಪು ಮಾಡುವುದೇ ಜಾಣತನ. ಪಿಲ್ಲರನ್ನು ಹಿಡಿದು ಬಲವಾಗಿ ತಿರುಚುವುದು ಮಾತ್ರ ಬೇಡ. ಒಳ್ಳೆಯ ಫ್ರೇಮಿನ ಕೊಳವೆಯ ದಪ್ಪ 1 ಮಿಲಿಮೀಟರ್ ಕೂಡ ಇರುವುದಿಲ್ಲ.

ಕೊನೆಯ ಅಸ್ತ್ರ ಕಾಸ್ಟಿಕ್ ಸೋಡಾ. ಪಿಲ್ಲರಿನ ತಲೆಯನ್ನು ಕತ್ತರಿಸಿ, ಫ್ರೇಮಿನ ತಳಕ್ಕೆ ಬಿರಡೆ ಹಾಕಿ, ದ್ರಾವಣವನ್ನು ಒಳಗೆ ಬಿಡುತ್ತಾರೆ. ಅಲ್ಯೂಮಿನಿಯಂ ಕರಗುತ್ತದೆ, ಉಕ್ಕು ಉಳಿಯುತ್ತದೆ. ಆದರೆ ಇದು ಮಕ್ಕಳಾಟವಲ್ಲ. ಹೊಮ್ಮುವ ಹೈಡ್ರೋಜನ್‌ಗೆ ಬೆಂಕಿ ಸೋಕಬಾರದು, ದ್ರಾವಣದ ಒಂದು ಹನಿ ಸಾಕು ಕಣ್ಣು ಹೋಗಲು. ಬಯಲಿನಲ್ಲಿ, ಕೈಗವಸು ಕನ್ನಡಕ ಧರಿಸಿಯೇ ಮಾಡಬೇಕು. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾಕ್ಕೆ ನೀರನ್ನಲ್ಲ.

ದ್ರಾವಣ ಚೆಲ್ಲಿದಲ್ಲಿ ಮೂಲ ಬಣ್ಣವೂ ಕಿತ್ತುಬರುತ್ತದೆ. ಸಂಗ್ರಾಹಕರಿಗೆ ಆ ಬಣ್ಣವೇ ಪ್ರಾಣ. ಆದ್ದರಿಂದ ಕೆಲವರು ಸೀಟನ್ನು ಸಿಕ್ಕಿಕೊಂಡ ಎತ್ತರದಲ್ಲೇ ಬಿಟ್ಟು, ಸೈಕಲನ್ನು ಗೋಡೆಗೇ ಒಪ್ಪಿಸುತ್ತಾರೆ. ಆದರೆ ಮೊಣಕಾಲಿಗೆ ಒಗ್ಗದ ಸೀಟಿನ ಮೇಲೆ ಕುಳಿತು ಗಯೋಲೆಯ ದಿಬ್ಬ ಹತ್ತಲಾಗುವುದಿಲ್ಲ. ಸವಾರಿ ಬೇಕೆನ್ನುವವರು ಬಣ್ಣವನ್ನು ಬಿಟ್ಟುಕೊಡಲು ಸಿದ್ಧರಿರಬೇಕು.

ಹೊಸ ಪಿಲ್ಲರ್ ಇಳಿಸುವ ಮೊದಲು ಬಲ್ಲವರು ತೆಳ್ಳಗೆ ಗ್ರೀಸ್ ಸವರುತ್ತಾರೆ, ವರ್ಷಕ್ಕೊಮ್ಮೆ ಹೊರತೆಗೆದು ಮತ್ತೆ ಸವರುತ್ತಾರೆ. ಹಿಂದಿನ ಯಜಮಾನ ಇಷ್ಟು ಮಾಡಿದ್ದರೆ ಗರಗಸ ಹಿಡಿಯುವ ಪ್ರಸಂಗವೇ ಬರುತ್ತಿರಲಿಲ್ಲ.