ಅತ್ತೆಮಾವಂದಿರಿಗೊಂದು ಕೋಣೆ

ಹತ್ತಿ, ಕಡಲೆ ಮಾರಿದ ಹಣ ಕೈಗೆ ಬಂದು, ಮಳೆಗಾಲಕ್ಕೆ ಇನ್ನೂ ಕೆಲವು ತಿಂಗಳು ಉಳಿದಿರುವಾಗ ನಮ್ಮ ಆಲೂರು, ಆದವಾನಿ ಸೀಮೆಯ ಕುಟುಂಬಗಳಲ್ಲಿ ಮನೆ ಕಟ್ಟುವ ಮಾತು ಆರಂಭವಾಗುತ್ತದೆ. ದೇವರ ಕೋಣೆ ಯಾವ ಮೂಲೆಗೆ, ಅಡುಗೆಮನೆಯ ಬಾಗಿಲು ಯಾವ ದಿಕ್ಕಿಗೆ, ವಾಹನ ನಿಲ್ಲಿಸುವುದೆಲ್ಲಿ ಎಂಬುದನ್ನೆಲ್ಲ ನಾವು ಹತ್ತು ಜನರನ್ನು ಕೇಳಿ ನಿರ್ಧರಿಸುತ್ತೇವೆ. ಮನೆಯ ಹಿರಿಯರು ಮಲಗುವುದೆಲ್ಲಿ ಎಂಬ ಪ್ರಶ್ನೆ ಬಹುಮಟ್ಟಿಗೆ ಕೊನೆಗೆ ಉಳಿಯುತ್ತದೆ. ಪಡಸಾಲೆಯಲ್ಲಿ ಹಾಕಿದ ಒಂದು ಮಂಚವೇ ಅದಕ್ಕೆ ಉತ್ತರವಾಗುತ್ತದೆ. ಇನ್ನೊಂದು ಪ್ರಶ್ನೆಯನ್ನಂತೂ ನಾವು ಕೇಳಿಕೊಳ್ಳುವುದೇ ಇಲ್ಲ. ಈ ಮನೆಗೆ ಸೊಸೆಯಾಗಿ ಬಂದವಳ ತಾಯಿತಂದೆಗಳಿಗೆ ವಯಸ್ಸಾಗಿ, ನೋಡಿಕೊಳ್ಳುವವರಿಲ್ಲದಂತಾದರೆ ಅವರು ಮಲಗುವುದೆಲ್ಲಿ?

ಈ ವಿಷಯದಲ್ಲಿ ನಮ್ಮ ಕನ್ನಡ ನಮಗಿಂತ ಉದಾರವಾದುದು. ಗಂಡನ ತಾಯಿತಂದೆಗಳನ್ನು ಅತ್ತೆಮಾವ ಎನ್ನುತ್ತೇವೆ. ಹೆಂಡತಿಯ ತಾಯಿತಂದೆಗಳನ್ನೂ ಅತ್ತೆಮಾವ ಎಂದೇ ಕರೆಯುತ್ತೇವೆ. ಮಾತಿನಲ್ಲಿಲ್ಲದ ಭೇದ ಮನೆಯ ನಕ್ಷೆಯಲ್ಲಿ ಹೇಗೆ ಬಂದಿತೆಂಬುದನ್ನು ಈ ತಿಂಗಳು ನಮ್ಮ ಓದುಗ ಕುಟುಂಬಗಳೊಡನೆ ವಿಚಾರಿಸಬೇಕೆಂದಿದ್ದೇವೆ.

ಹಿರಿಯರಿಗೊಂದು ಬಿಡಾರ ಕಟ್ಟಿಕೊಡುವುದು ಅಮೆರಿಕದಲ್ಲಿ ಬಹುಕಾಲ ಕಾನೂನಿನ ತೊಡಕಾಗಿತ್ತು. ಅಲ್ಲಿಗೆ ಮಕ್ಕಳನ್ನು ಕಳುಹಿಸಿರುವ ನಮ್ಮವರಿಗೆ ಅದರ ಪರಿಚಯವಿದ್ದರೆ ಒಳಿತು. ಅಲ್ಲಿಯ ನಗರಗಳು ಭೂಮಿಯನ್ನು ವಲಯಗಳಾಗಿ ವಿಂಗಡಿಸುತ್ತವೆ. 1926ರಲ್ಲಿ ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಇಂತಹ ವಿಂಗಡಣೆಯನ್ನು ಎತ್ತಿಹಿಡಿಯಿತು. ಆ ಬಳಿಕ ಒಂದು ನಿವೇಶನದಲ್ಲಿ ಒಂದೇ ಮನೆ, ಆ ಮನೆಯಲ್ಲಿ ಒಂದೇ ಕುಟುಂಬ ಎಂಬ ವಲಯಗಳು ದೇಶದಾದ್ಯಂತ ಹಬ್ಬಿದವು. ಅಂತಹ ವಲಯದಲ್ಲಿ ಮನೆಗೆ ಒಂದು ಕೋಣೆ ಸೇರಿಸಿದರೆ ಸಾಮಾನ್ಯವಾಗಿ ತಕರಾರಿಲ್ಲ. ಆದರೆ ಆ ಕೋಣೆಯಲ್ಲಿ ಬೇರೆ ಒಲೆ ಹೂಡಿದೊಡನೆ ಅನೇಕ ಊರುಗಳಲ್ಲಿ ಅದು ಎರಡನೆಯ ಮನೆಯೆನಿಸಿ ನಿಯಮಭಂಗವಾಗುತ್ತಿತ್ತು.

ಅದೇ ಓಹಾಯೋ ರಾಜ್ಯದ ಈಸ್ಟ್ ಕ್ಲೀವ್‌ಲೆಂಡ್ ಎಂಬ ಊರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಟುಂಬವೆಂದರೆ ಯಾರು ಯಾರು ಎಂಬುದನ್ನೂ ತಾನೇ ಪಟ್ಟಿ ಮಾಡಿತು. ಅಲ್ಲಿ ಐನೆಜ್ ಮೂರ್ ಎಂಬ ಅಜ್ಜಿ ತನ್ನ ಮಗನೊಡನೆ ಇಬ್ಬರು ಮೊಮ್ಮಕ್ಕಳನ್ನು ಸಾಕಿಕೊಂಡಿದ್ದಳು. ಮೊಮ್ಮಕ್ಕಳಲ್ಲಿ ಒಬ್ಬನು ಜೊತೆಗಿದ್ದ ಮಗನ ಮಗ. ಇನ್ನೊಬ್ಬನು ಬೇರೊಬ್ಬ ಮಗನ ಮಗ, ತಾಯಿ ತೀರಿಕೊಂಡ ಕೂಸು. ಈ ಎರಡನೆಯ ಹುಡುಗ ಕುಟುಂಬದ ಪಟ್ಟಿಯೊಳಗೆ ಬರುವುದಿಲ್ಲವೆಂದು ಊರಾಡಳಿತವು 1973ರಲ್ಲಿ ಆಕೆಗೆ ನೋಟೀಸು ಕೊಟ್ಟಿತು. ಮೊಮ್ಮಗನನ್ನು ಹೊರಗೆ ಕಳುಹಿಸಲು ಒಪ್ಪದ ಅಜ್ಜಿಗೆ ಐದು ದಿನಗಳ ಸೆರೆಮನೆವಾಸ ಮತ್ತು 25 ಡಾಲರ್ ದಂಡದ ಶಿಕ್ಷೆಯಾಯಿತು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐವರ ಬಹುಮತದಿಂದ ಆ ಶಿಕ್ಷೆಯನ್ನು ತಳ್ಳಿಹಾಕಿತು. ಅಜ್ಜಿ, ಮೊಮ್ಮಕ್ಕಳು, ಬಂಧುಗಳು ಒಂದೇ ಸೂರಿನಡಿ ಬಾಳುವುದನ್ನು ಊರಿನ ಕಟ್ಟಡ ನಿಯಮವು ತಡೆಯಲಾಗದೆಂದಿತು. ನಮ್ಮ ಮಕ್ಕಳು ಬಹಳವಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾ ರಾಜ್ಯವು 2016 ಮತ್ತು 2019ರಲ್ಲಿ ಕಾನೂನುಗಳನ್ನು ಸಡಿಲಿಸಿದ ಮೇಲೆ, ಹಿತ್ತಲಿನಲ್ಲಿ ತಾಯಿತಂದೆಗಳಿಗಾಗಿ ಒಲೆಯೂ ಇರುವ ಚಿಕ್ಕ ಮನೆಯನ್ನು ಕಟ್ಟಿಕೊಳ್ಳುವುದು ಅಲ್ಲಿ ಎಷ್ಟೋ ಸುಲಭವಾಗಿದೆ.

ಒಲೆಯನ್ನು ನೋಡಿ ಮನೆಯನ್ನೆಣಿಸುವುದು ನಮಗೂ ಹೊಸದಲ್ಲ. ಒಂದೇ ಅಡುಗೆಯಲ್ಲಿ ಉಣ್ಣುವವರನ್ನು ಭಾರತದ ಜನಗಣತಿಯು ಒಂದು ಕುಟುಂಬವೆಂದು ಎಣಿಸುತ್ತದೆ. ನಮ್ಮ ಹಳ್ಳಿಗಳಲ್ಲಿ 'ಒಲೆ ಬೇರೆಯಾಯಿತು' ಎಂದರೆ ಅಣ್ಣತಮ್ಮಂದಿರು ಭಾಗವಾದರೆಂದು ತಿಳಿಯುತ್ತಾರೆ. ಆದರೆ ನಮ್ಮ ಕಟ್ಟಡ ನಿಯಮಗಳು ಒಬ್ಬರ ಮನೆಯಲ್ಲಿ ಯಾವ ಬಂಧುಗಳಿರಬೇಕೆಂದು ಕೇಳುವುದಿಲ್ಲ. ಆಂಧ್ರದ ಗ್ರಾಮ ಪಂಚಾಯತಿಗಳಿಗೆ 2002ರಲ್ಲಿ ಬಂದ ಬಡಾವಣೆ ಮತ್ತು ಕಟ್ಟಡ ನಿಯಮಗಳಾಗಲಿ, ಪಟ್ಟಣಗಳಿಗೆ ಅನ್ವಯಿಸುವಂತೆ 2017ರಲ್ಲಿ ಬಂದ ಕಟ್ಟಡ ನಿಯಮಗಳಾಗಲಿ ನೋಡುವುದು ನಿವೇಶನದ ಅಳತೆ, ರಸ್ತೆಯ ಅಗಲ, ಸುತ್ತ ಬಿಡಬೇಕಾದ ತೆರವು, ಕಟ್ಟಡದ ಎತ್ತರ ಇವುಗಳನ್ನು. ಗೋಡೆ ಎಲ್ಲಿ ನಿಲ್ಲಬೇಕೆಂಬುದು ಅವುಗಳ ಚಿಂತೆ. ಗೋಡೆಯೊಳಗೆ ಯಾರ ತಾಯಿ ಮಲಗಬೇಕೆಂಬುದಲ್ಲ.

ಹಾಗಿದ್ದರೂ ನಮ್ಮಲ್ಲಿ ಒಂದು ವಲಯ ನಿಯಮವುಂಟು. ಅದು ಯಾವ ಕಚೇರಿಯ ಕಡತದಲ್ಲಿಯೂ ಇಲ್ಲ. ಗಂಡುಮಗನ ಮನೆ ತಾಯಿತಂದೆಗಳಿಗೆ ತಮ್ಮ ಮನೆ. ಮಗಳ ಮನೆ ನೆಂಟರ ಮನೆ. ಬಾಣಂತನಕ್ಕೋ ಹಬ್ಬಕ್ಕೋ ಬಂದು ನಾಲ್ಕು ದಿನವಿದ್ದು ಹೋಗಬಹುದು. ಐದನೆಯ ದಿನ ನೆರೆಯವರು ಕೇಳುವ ಮೊದಲೇ ಆ ಹಿರಿಯರು ತಾವಾಗಿಯೇ ಚೀಲ ಕಟ್ಟುತ್ತಾರೆ. 'ಬೀಗರ ಮನೆಯಲ್ಲಿ ಬಹಳ ದಿನ ಇದ್ದರೆ ಮರ್ಯಾದೆಯಲ್ಲ' ಎಂಬ ಮಾತನ್ನು ಅವರಿಗೆ ಯಾರೂ ಹೇಳಬೇಕಾಗಿಲ್ಲ. ಹೆಣ್ಣುಮಕ್ಕಳೇ ಇರುವ ದಂಪತಿಗಳು, ಮಗನನ್ನು ಕಳೆದುಕೊಂಡ ತಾಯಂದಿರು ಈ ನಿಯಮದ ದೆಸೆಯಿಂದ ಬೀಗ ಹಾಕಬೇಕಾದ ಮನೆಗಳಲ್ಲಿ ಒಂಟಿಯಾಗಿ ಉಳಿದಿರುವುದನ್ನು ನಮ್ಮ ಊರುಗಳಲ್ಲಿ ಯಾವ ಓಣಿಗೆ ಹೋದರೂ ಕಾಣಬಹುದು.

ಇದು ಅನಾದಿಯಿಂದ ಬಂದ ಮುರಿಯಲಾಗದ ಕಟ್ಟಳೆಯೆಂದು ಹೇಳುವವರಿಗೆ ನಮ್ಮ ಸೀಮೆಯದೇ ಒಂದು ಸಂಗತಿಯನ್ನು ನೆನಪಿಸುತ್ತೇವೆ. ಆಲೂರು, ಆದವಾನಿ ತಾಲೂಕುಗಳು ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಬಳ್ಳಾರಿ ಕರ್ನೂಲು ಜಿಲ್ಲೆಗಳ ರೆಡ್ಡಿ ಕುಲದವರಲ್ಲಿ ನಡೆದುಬಂದ 'ಇಲ್ಲಟಂ' ಎಂಬ ಪದ್ಧತಿಯನ್ನು ನ್ಯಾಯಾಲಯಗಳು ಮಾನ್ಯಮಾಡಿದ್ದವು. ಅಳಿಯನನ್ನು ಮನೆಯಳಿಯನನ್ನಾಗಿ ತಂದುಕೊಂಡು, ಬೇಸಾಯದ ಹೊರೆಯನ್ನು ಅವನಿಗೊಪ್ಪಿಸಿ, ಮಗನಂತೆಯೇ ಆಸ್ತಿಯಲ್ಲಿ ಪಾಲು ಕೊಡುವ ಪದ್ಧತಿಯದು. ಅಲ್ಲಿ ಅತ್ತೆಮಾವಂದಿರು, ಮಗಳು, ಅಳಿಯ ಒಂದೇ ಒಲೆಯ ಅನ್ನ ಉಂಡರು. ಮರ್ಯಾದೆಗೇನೂ ಕುಂದು ಬರಲಿಲ್ಲ. ಹೊಲವನ್ನು ಉಳಿಸಿಕೊಳ್ಳಬೇಕಾದಾಗ ದಾರಿ ಬಿಟ್ಟ ಸಂಪ್ರದಾಯವು ಇಬ್ಬರು ಮುದುಕರನ್ನು ಉಳಿಸಿಕೊಳ್ಳಬೇಕಾದಾಗ ಏಕೆ ಅಡ್ಡಬರಬೇಕು?

ಕಾನೂನಂತೂ ಬಹಳ ಹಿಂದೆಯೇ ಈ ಭೇದವನ್ನು ಬಿಟ್ಟಿತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ವೃದ್ಧ ತಾಯಿತಂದೆಗಳ ಪೋಷಣೆಯ ಹೊಣೆಯನ್ನು ಮಗನಂತೆ ಮಗಳ ಮೇಲೂ ಇಟ್ಟಿತು. ಮದುವೆಯಾದ ಮಗಳೂ ತಂದೆಗೆ ಜೀವನಾಂಶ ಕೊಡಲು ಬದ್ಧಳೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 1987ರಲ್ಲಿ ತೀರ್ಪಿತ್ತಿತು. 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ 'ಮಕ್ಕಳು' ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. 'ಜೀವನಾಂಶ'ವೆಂದರೆ ಅನ್ನ, ಬಟ್ಟೆ, ಔಷಧೋಪಚಾರಗಳ ಜೊತೆಗೆ ವಾಸಸ್ಥಳವೂ ಹೌದು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಆಂಧ್ರವು 1986ರಲ್ಲಿ ಅಂಗೀಕರಿಸಿ 1985ರ ಸೆಪ್ಟೆಂಬರ್‌ನಿಂದಲೇ ಅನ್ವಯಿಸಿತು. ಕರ್ನಾಟಕದಲ್ಲಿ ಅದು 1994ರಲ್ಲಿ ಜಾರಿಗೆ ಬಂದಿತು. 2005ರಲ್ಲಿ ಇಡೀ ದೇಶಕ್ಕೆ ಕೇಂದ್ರದ ತಿದ್ದುಪಡಿ ಬಂದಿತು. ಪಾಲು ಬೇಕೆನ್ನುವ ಅಳಿಯಂದಿರು ಅದರೊಂದಿಗೆ ಬರುವ ಹೊಣೆಯನ್ನೂ ಮನೆಗೆ ಬರಮಾಡಿಕೊಳ್ಳಬೇಕು.

ನಮ್ಮಂತಹ ಗಡಿನಾಡಿನವರಿಗೆ ಇನ್ನೊಂದು ತೊಡಕುಂಟು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಇತ್ತ ಉಳಿದವು. ಬಳ್ಳಾರಿ, ಸಿರುಗುಪ್ಪಗಳು ಅತ್ತ ಮೈಸೂರು ರಾಜ್ಯಕ್ಕೆ ಹೋದವು. ಹೆಣ್ಣು ಕೊಟ್ಟು ತರುವ ಸಂಬಂಧಗಳು ಮಾತ್ರ ಗೆರೆಯನ್ನು ಲೆಕ್ಕಿಸದೆ ಇಂದಿಗೂ ನಡೆದಿವೆ. ಆದುದರಿಂದ ನಮ್ಮಲ್ಲಿ ಮಗಳ ಮನೆಗೆ ಹೋಗಿ ನೆಲೆಸುವುದೆಂದರೆ ಎಷ್ಟೋ ಸಲ ಹಗರಿಯನ್ನು ದಾಟಿ ಬೇರೆ ರಾಜ್ಯದ ನಿವಾಸಿಯಾಗುವುದೆಂದೇ ಆಗುತ್ತದೆ. 2024ರ ಜುಲೈಯಿಂದ ತಿಂಗಳಿಗೆ ರೂ. 4,000 ಆಗಿರುವ ಆಂಧ್ರದ ವೃದ್ಧಾಪ್ಯ ವೇತನವನ್ನು ಸಿಬ್ಬಂದಿ ಮನೆಬಾಗಿಲಿಗೆ ತಂದು, ಗುರುತು ಖಚಿತಪಡಿಸಿಕೊಂಡು ಕೊಡುತ್ತಾರೆ; ಬಾಗಿಲಿಗೆ ಬೀಗವಿದ್ದರೆ ಆ ಹಣಕ್ಕೆ ತೊಡಕಾಗುತ್ತದೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯಡಿ ಬರುವ ಪಡಿತರ ಚೀಟಿಯಾದರೆ ಅದರ ಧಾನ್ಯವನ್ನು ಈಗ ಬೇರೆ ರಾಜ್ಯದಲ್ಲಿಯೂ ಪಡೆಯಬಹುದು. ವೇತನಕ್ಕೆ ಆ ಸೌಕರ್ಯವಿಲ್ಲ. ಹಿರಿಯರನ್ನು ಗಡಿಯಾಚೆಗೆ ಕರೆದೊಯ್ಯುವ ಮಗಳು ಅಳಿಯಂದಿರು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡು, ತಪ್ಪಿಹೋಗಬಹುದಾದ ಆ ಹಣದ ಬದಲಿಗೆ ಅವರ ಕೈಯಲ್ಲಿ ಪ್ರತಿ ತಿಂಗಳೂ ಇಷ್ಟೆಂದು ಇಡಬೇಕು. ಔಷಧಿಗೋ ಮೊಮ್ಮಗುವಿನ ಮಿಠಾಯಿಗೋ ಅಳಿಯನ ಮುಂದೆ ಕೈಚಾಚಬೇಕಾದ ಮಾವ ಆ ಮನೆಯಲ್ಲಿ ಬಹುಕಾಲ ನಿಲ್ಲಲಾರ.

ಇನ್ನು ಕೋಣೆಯ ಮಾತು. ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆ ಕನಿಷ್ಠ 9.5 ಚದರ ಮೀಟರ್, ಅಂದರೆ ಸುಮಾರು 102 ಚದರ ಅಡಿ ಇರಬೇಕು, ಅಗಲ 2.4 ಮೀಟರಿಗೆ ಕಡಿಮೆಯಾಗಬಾರದು, ಎತ್ತರ 2.75 ಮೀಟರ್ ಇರಬೇಕು ಎನ್ನುತ್ತದೆ. ಬಚ್ಚಲು ಪಾಯಿಖಾನೆಗಳು ಒಂದಾಗಿದ್ದರೆ 2.8 ಚದರ ಮೀಟರ್ ಬೇಕು. ನಮ್ಮಂತಹ ಒಣ ಬಿಸಿಲುಸೀಮೆಯಲ್ಲಿ ಕಿಟಕಿಗಳ ತೆರವು ನೆಲದ ಹತ್ತನೆಯ ಒಂದು ಭಾಗವಾದರೂ ಇರಬೇಕು. ಕಾಳಿನ ಮೂಟೆ ಇಡುವ ಕೋಣೆಗೆ ಮಂಚ ಹಾಕಿ 'ಹಿರಿಯರ ಕೋಣೆ' ಎನ್ನುವವರು ಈ ಅಳತೆಗಳನ್ನು ಒಮ್ಮೆ ಟೇಪು ಹಿಡಿದು ನೋಡಲಿ. ಕೋಣೆ ನೆಲಮಟ್ಟದಲ್ಲಿರಲಿ, ಬಚ್ಚಲು ಅದಕ್ಕೆ ಹೊಂದಿಕೊಂಡಿರಲಿ, ಮುಂದೆ ಗಾಲಿಕುರ್ಚಿ ಬೇಕಾದೀತೆಂದು ಬಾಗಿಲು ಮೂರಡಿ ಅಗಲವಿರಲಿ. ನುಣುಪು ಮಾಡಿದ ಬೇತಂಚೆರ್ಲ ಕಲ್ಲು ಪಡಸಾಲೆಗೆ ಚೆಂದ, ಬಚ್ಚಲಿಗೆ ಅಪಾಯ. ಅಲ್ಲಿ ಒರಟು ಕಲ್ಲನ್ನೇ ಹಾಸಬೇಕು, ಗೋಡೆಗೆ ಹಿಡಿಕೆ ಹಾಕಿಸಬೇಕು.

ನಮ್ಮದು ಎರೆ ಭೂಮಿ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಮಣ್ಣಿನ ಮೇಲೆ ಹಳೆಯ ಮಾಳಿಗೆ ಮನೆಗೆ ಹೊಸ ಗೋಡೆಯನ್ನು ಕಚ್ಚಿಸಿ ಕಟ್ಟಿದರೆ, ಹಳೆಯದು ಹೊಸದು ಬೇರೆ ಬೇರೆಯಾಗಿ ಕದಲಿ ಕೂಡುವೆಡೆಯಲ್ಲಿ ಬಿರುಕು ಬಿಡುತ್ತದೆ. ಎರಡರ ನಡುವೆ ಸಂದು ಬಿಟ್ಟು ಕಟ್ಟಬೇಕು. ಪಾಯವನ್ನು ಗಟ್ಟಿ ನೆಲದವರೆಗೆ ಇಳಿಸಬೇಕು, ಇಲ್ಲವೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಇಂತಹ ಮಣ್ಣಿಗಾಗಿ ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳ ಪಾಯವನ್ನು ಹಾಕಿಸಬೇಕು. ಒಂದೇ ಕೋಣೆಯಾದರೂ ಪಂಚಾಯತಿಯ ಅಥವಾ ಪುರಸಭೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಅನುಮತಿಯಿಲ್ಲದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಕ್ರಮಬದ್ಧಗೊಳಿಸುವ ಯೋಜನೆಗಳನ್ನು ಆಂಧ್ರ ಸರಕಾರವು 2007, 2015, 2019ರಲ್ಲಿ ತಂದುದುಂಟು. ಅವನ್ನು ನಂಬಿ ನಿಯಮ ಮೀರಿದವರು ತಮ್ಮ ಹಿರಿಯರನ್ನು ನೋಟೀಸು ಬರುವ ಸೂರಿನಡಿ ಮಲಗಿಸಿದಂತಾಗುತ್ತದೆ.

ಆ ಕೋಣೆಯಲ್ಲಿ ಒಂದು ಚಿಕ್ಕ ಒಲೆಯೂ ಇರಲೆಂಬುದು ನಮ್ಮ ಅಭಿಪ್ರಾಯ. ಬೆಳಗಿನ ಜಾವ ಎದ್ದ ಅತ್ತೆ ಸೊಸೆಯನ್ನೋ ಮಗಳನ್ನೋ ಎಬ್ಬಿಸದೆ ಚಹಾ ಕಾಯಿಸಿಕೊಳ್ಳಬಲ್ಲವಳಾದರೆ, ಪಥ್ಯದ ಗಂಜಿಯನ್ನು ತಾನೇ ಮಾಡಿಕೊಳ್ಳಬಲ್ಲವಳಾದರೆ ಮನೆಯಲ್ಲಿ ಎಷ್ಟೋ ಮಾತುಗಳು ಹುಟ್ಟುವುದೇ ಇಲ್ಲ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಟ್ಟಿಗೆ ಕುಳಿತರೆ ಒಲೆ ಬೇರೆಯಾದಂತಾಗಲಿಲ್ಲ.

ಕಾಗದಪತ್ರದ ವಿಷಯದಲ್ಲಿ ಸಂಕೋಚ ಬೇಡ. ತಮ್ಮ ಮನೆಯನ್ನೋ ಹೊಲವನ್ನೋ ಮಕ್ಕಳಿಗೆ ಬರೆದುಕೊಡುವ ಹಿರಿಯರು, ತಮ್ಮನ್ನು ಕೊನೆಯವರೆಗೆ ಪೋಷಿಸಬೇಕೆಂಬ ಷರತ್ತನ್ನು ದಾನಪತ್ರದಲ್ಲಿಯೇ ಬರೆಯಿಸಬೇಕು. ಆ ಷರತ್ತು ಮುರಿದರೆ 2007ರ ಕಾಯಿದೆಯ 23ನೆಯ ಕಲಮಿನಂತೆ ಪತ್ರವನ್ನು ರದ್ದುಪಡಿಸಿರೆಂದು ನ್ಯಾಯಮಂಡಳಿಯನ್ನು ಕೇಳಬಹುದು. ಷರತ್ತು ಇದ್ದುದನ್ನು ತೋರಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಹೇಳಿತು. ಈ ಕಾಯಿದೆಯನ್ನು ಹಿರಿಯರ ಹಿತವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದು 2025ರ ಜನವರಿಯಲ್ಲಿ ಹೇಳಿತು. ಮಗಳ ಮನೆಗೆ ಕೋಣೆ ಕಟ್ಟಲು ಹಣ ಕೊಡುವ ತಾಯಿತಂದೆಗಳೂ ಅಷ್ಟೇ: ಜೀವವಿರುವವರೆಗೆ ಆ ಕೋಣೆಯಲ್ಲಿ ವಾಸಿಸುವ ಹಕ್ಕು ತಮಗುಂಟೆಂದು ವಕೀಲರಿಂದ ಬರೆಯಿಸಿಕೊಳ್ಳುವುದು ಅಪನಂಬಿಕೆಯಲ್ಲ, ಎರಡು ಮನೆಗಳ ಸ್ನೇಹಕ್ಕೆ ಕಾವಲು.

ಈ ಕಾಯಿದೆ ಸೊಸೆಯ ಮೇಲೆ ಎತ್ತುವ ಕೋಲಾಗಬಾರದೆಂಬುದನ್ನೂ ಹೇಳಬೇಕು. ಬೆಂಗಳೂರು ನಗರ ಜಿಲ್ಲೆಯಿಂದ ಹೋದ ಒಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರಿನಲ್ಲಿ, ಹಿರಿಯ ನಾಗರಿಕರ ಕಾಯಿದೆಯನ್ನು ಮುಂದಿಟ್ಟುಕೊಂಡು ಸೊಸೆಯ ವಾಸದ ಹಕ್ಕನ್ನು ಸುಮ್ಮನೆ ಅಳಿಸಿಹಾಕಲಾಗದೆಂದೂ ಎರಡು ಕಾನೂನುಗಳನ್ನು ಹೊಂದಿಸಿಕೊಂಡು ಓದಬೇಕೆಂದೂ ತೀರ್ಮಾನಿಸಿತು. ಅತ್ತೆಗೂ ಸೂರು ಬೇಕು, ಸೊಸೆಗೂ ಸೂರು ಬೇಕು.

ಈ ವರ್ಷ ಮನೆ ಕಟ್ಟಲಿರುವ ನಮ್ಮ ಓದುಗ ಸೋದರರಲ್ಲಿ ಒಂದು ವಿನಂತಿ. ನಕ್ಷೆಯನ್ನು ಅಂತಿಮಗೊಳಿಸುವ ಮೊದಲು ಮನೆಯಾಕೆಯನ್ನು ಕೂರಿಸಿಕೊಂಡು, 'ನಿನ್ನ ಅಪ್ಪ ಅವ್ವ ಬಂದರೆ ಎಲ್ಲಿರುತ್ತಾರೆ?' ಎಂದು ಕೇಳಿರಿ. ಆ ಮಾತನ್ನು ಅವಳಾಗಿ ಎತ್ತಲಾರಳು, ಗಂಡನೇ ಎತ್ತಬೇಕು. ನಿಮ್ಮ ತಾಯಿತಂದೆಗಳಿಗೆಂದು ಗುರುತಿಸಿದ ಕೋಣೆಯ ಪಕ್ಕದಲ್ಲಿಯೇ ಇನ್ನೊಂದಕ್ಕೆ ನಿವೇಶನದಲ್ಲಿ ಜಾಗವಿಲ್ಲದಿದ್ದರೆ, ಒಂದೇ ಕೋಣೆಯನ್ನು ಸ್ವಲ್ಪ ದೊಡ್ಡದಾಗಿಸಿ ಯಾರಿಗೆ ಮೊದಲು ಬೇಕಾಗುವುದೋ ಅವರಿಗೆ ಎಂದು ಇಬ್ಬರೂ ಒಪ್ಪಿಕೊಳ್ಳಿರಿ. ಆ ಒಪ್ಪಂದವನ್ನು ಈಗಲೇ ಎರಡೂ ಕಡೆಯ ಹಿರಿಯರಿಗೆ ತಿಳಿಸಿಬಿಡಿರಿ. ಮುಪ್ಪಿನಲ್ಲಿ ತಮಗೊಂದು ಕೋಣೆಯುಂಟೆಂದು ತಿಳಿದವರು ಅಲ್ಲಿಗೆ ಬರುವ ಮೊದಲೇ ಎಷ್ಟೋ ರಾತ್ರಿಗಳನ್ನು ನಿಶ್ಚಿಂತೆಯಿಂದ ಮಲಗುತ್ತಾರೆ.