ಹಂಡೆ ಉಜ್ಜೋದು ಯಾರ ಹಬ್ಬ?

ಮಹಾಲಯ ಅಮಾವಾಸ್ಯೆಯಿಂದ ಕಾರ್ತೀಕದ ತುಳಸಿ ಹಬ್ಬದ ತನಕ ಎಣಿಸಿ ನೋಡಿ, ಹತ್ತಿರ ಹತ್ತಿರ 42 ದಿನ ಆಗುತ್ತೆ. ಹಿರಿಯರ ಎಡೆ, ನವರಾತ್ರಿ, ಆಯುಧಪೂಜೆ, ಸೀಗೆ ಹುಣ್ಣಿಮೆ, ನೀರು ತುಂಬೋ ಹಬ್ಬ, ದೀಪಾವಳಿ, ಉತ್ಥಾನ ದ್ವಾದಶಿ. ಪಂಚಾಂಗದಲ್ಲಿ ಇದಕ್ಕೆ ಶರದೃತು ಅಂತ ಚಂದದ ಹೆಸರಿದೆ. ನಮ್ಮ ಕಡೂರು ಸೀಮೆ ಹೆಂಗಸರನ್ನ ಕೇಳಿದ್ರೆ ಸೊಂಟನೋವಿನ ಕಾಲ ಅಂತಾರೆ.

ಈ ಕೆಲಸ ಎಲ್ಲಾ ಸುಮ್ನೆ ಶಾಸ್ತ್ರಕ್ಕೆ ಹುಟ್ಟಿದ್ದಲ್ಲ ಕಣ್ರೇ, ಅದನ್ನ ಮೊದ್ಲೇ ಹೇಳ್ತೀನಿ. ಮಳೆಗಾಲ ಮುಗಿಯೋ ಹೊತ್ತಿಗೆ ಅಟ್ಟದಲ್ಲಿ ಬೂಷ್ಟು ಹಿಡಿದಿರುತ್ತೆ, ಕಂಬಳಿಗೆಲ್ಲಾ ಮುಗ್ಗುಲು ವಾಸನೆ. ಬಿಸಿಲು ಬಿದ್ದಾಗ ಒಣಗಿಸದೇ ಹೋದ್ರೆ ಚಿತ್ತೆ, ಸ್ವಾತಿ ಮಳೆ ಮತ್ತೆ ಹಿಡ್ಕೊಳ್ಳುತ್ತೆ. ದೀಪಾವಳಿ ಕಳೀತಿದ್ದಂಗೆ ರಾಗಿ ಕೊಯ್ಲು. ಹೊಸ ರಾಗಿ ಬರೋದಕ್ಕೆ ಮುಂಚೆ ಜಾಗ ಗುಡಿಸಿ, ಹಳೇ ಚೀಲ ಕೊಡವಿ, ಹುಳ ಇಲ್ಲದಂಗೆ ಮಾಡ್ಲೇಬೇಕು. ಹಿಂದೆ ಹಗೇವು ಇದ್ದಾಗ್ಲೂ ಅಷ್ಟೇ, ಈಗ ಡ್ರಮ್ಮು ಬಂದ್ರೂ ಅಷ್ಟೇ. ತಾಮ್ರದ ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜೋದೂ ಹಂಗೇ, ಹುಳಿ ತಾಗಿದ್ರೇನೇ ತಾಮ್ರದ ಕಿಲುಬು ಬಿಡೋದು. ನಮ್ಮ ಹಿರಿಯರು ಹಬ್ಬದ ನೆಪ ಇಟ್ಟು ಮನೆ ಕಾಪಾಡಿಕೊಂಡ್ರು. ಆದ್ದರಿಂದ ಕೆಲಸ ಬಿಟ್ಟುಬಿಡಿ ಅಂತ ನಾನು ಹೇಳೋದಿಲ್ಲ. ಯಾರು ಮಾಡ್ತಾರೆ ಅನ್ನೋದು ನನ್ನ ತಕರಾರು.

ಸರ್ಕಾರದವರು 2019ರಲ್ಲಿ ದೇಶದ ತುಂಬಾ ಸಮಯ ಬಳಕೆ ಸಮೀಕ್ಷೆ ಮಾಡಿದ್ರು. ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕಳೀತಾರಂತೆ, ಮನೆಗೆಲಸ ಮಾಡೋ ಗಂಡಸರು 97 ನಿಮಿಷ. ನಮ್ಮ 42 ದಿನಕ್ಕೆ ಲೆಕ್ಕ ಹಾಕಿದ್ರೆ ಹೆಂಗಸರದು ಸುಮಾರು 209 ಗಂಟೆ, ಗಂಡಸರದು 68 ಗಂಟೆ. ಅದೂ ವರ್ಷದ ಸಾಧಾರಣ ದಿನಗಳ ಸರಾಸರಿ. ಕಜ್ಜಾಯದ ಪಾಕ, ಹೋಳಿಗೆ ಹೂರಣ, ಕಾರ್ತೀಕಕ್ಕೆ ಹತ್ತಿ ಹೊಸೆದು ಬತ್ತಿ ಮಾಡೋದು ಇದೆಲ್ಲಾ ಸೇರಿಸಿದ್ರೆ ಎಷ್ಟಾಗುತ್ತೋ ನೀವೇ ಊಹಿಸಿ.

‘ನಮ್ಮತ್ತೆ ಕಾಲದಲ್ಲಿ ಮಾಡ್ತಿರಲಿಲ್ವಾ?’ ಅಂತ ಕೇಳೋರಿದ್ದಾರೆ. ಮಾಡ್ತಿದ್ರು. ಆವಾಗ ಒಂದು ಮನೇಲಿ ಅತ್ತೆ, ಓರಗಿತ್ತೀರು, ನಾದಿನೀರು ಅಂತ ನಾಲ್ಕೈದು ಜೊತೆ ಕೈ ಇರ್ತಿತ್ತು. ಒಬ್ಬರು ಹಿಟ್ಟು ನಾದಿದ್ರೆ ಇನ್ನೊಬ್ಬರು ಒಲೆ ನೋಡ್ತಿದ್ರು, ಮಾತಾಡ್ತಾ ಕೆಲಸ ಸಾಗ್ತಿತ್ತು. ಈಗ ಮಕ್ಕಳು ಬೆಂಗಳೂರಲ್ಲಿ. ಊರ ಮನೇಲಿ ಅರವತ್ತು ದಾಟಿದ ಒಂದು ಜೀವ ಸ್ಟೂಲ್ ಹತ್ತಿ ಅಟ್ಟ ಕೆರೀತಿರುತ್ತೆ. ಕೈ ಕಮ್ಮಿ ಆದ್ವು, ಕೆಲಸದ ಪಟ್ಟಿ ಮಾತ್ರ ಒಂದು ಗೆರೆಯೂ ಕಮ್ಮಿ ಆಗ್ಲಿಲ್ಲ. ‘ಆಳು ಇಟ್ಕೊಳ್ಳಿ’ ಅನ್ನೋದು ಸುಲಭ. ಅಡಿಕೆ ಕೊಯ್ಲು, ರಾಗಿ ಕೊಯ್ಲು ಎರಡೂ ಹಿಂದೆಮುಂದೆ ಬರೋ ಕಾಲದಲ್ಲಿ ಮನೆ ತೊಳೆಯೋಕೆ ಆಳು ಎಲ್ಲಿ ಸಿಗ್ತಾರೆ?

ಅದಕ್ಕೇ ನಾನು ಹೇಳೋದು ಇಷ್ಟು. ಹಬ್ಬಕ್ಕೆ ಊರಿಗೆ ಬರೋರು ಅಮಾವಾಸ್ಯೆ ಮಧ್ಯಾಹ್ನ ಸಿಹಿ ಡಬ್ಬ ಹಿಡ್ಕೊಂಡು ಬರೋದು ಬಿಟ್ಟು, ತ್ರಯೋದಶಿ ಬೆಳಿಗ್ಗೆನೇ ಬನ್ನಿ. ನೀರು ತುಂಬೋ ಹಬ್ಬ ಅಂದ್ರೆ ಹಂಡೆ ಇಳಿಸೋದು, ಉಜ್ಜೋದು, ತುಂಬೋದು. ತೋಳಲ್ಲಿ ಶಕ್ತಿ ಇರೋರ ಕೆಲಸ ಅದು. ಮಗ, ಅಳಿಯ, ಮೊಮ್ಮಗ ಮಾಡ್ಲಿ. ಉಜ್ಜಿದೋರೇ ಅದಕ್ಕೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳೀಲಿ. ಮಾರನೇ ದಿನ ಎಣ್ಣೆ ನೀರು ಹುಯ್ಕೊಳ್ಳುವಾಗ ಅದರ ರುಚಿಯೇ ಬೇರೆ. ಅಟ್ಟ ಹತ್ತೋದೂ ಗಂಡಸರಿಗೇ ಇರ್ಲಿ. ಮೊಣಕಾಲು ಮುರ್ಕೊಂಡ್ರೆ ಆಸ್ಪತ್ರೆಗೆ ಓಡೋರು ಅವ್ರೇ ತಾನೇ?

ಎರಡನೇದು, ಅಂಗಡಿಯಿಂದ ಚಕ್ಕುಲಿ ತಂದ ಮನೆಯೋಳನ್ನ ನಾವು ಹೆಂಗಸರೇ ಆಡ್ಕೊಳ್ಳೋದು ನಿಲ್ಲಿಸಬೇಕು. ‘ಅವಳು ಕೈಲಾಗದೋಳು’ ಅನ್ನೋ ಮಾತು ಗಂಡಸರ ಬಾಯಿಂದ ಬರೋಕಿಂತ ನಮ್ಮ ಜಗಲಿಯಿಂದಲೇ ಜಾಸ್ತಿ ಹೊರಡುತ್ತೆ. ರಾಗಿ ಇಡೋ ಜಾಗ ಶುದ್ಧ ಇರ್ಲೇಬೇಕು, ತುಳಸಿ ಮುಂದೆ ದೀಪ ಇರ್ಲೇಬೇಕು. ಐದು ಥರದ ತಿಂಡಿ ಇರ್ಲೇಬೇಕು ಅಂತ ಯಾವ ದೇವರೂ ಕೇಳಿಲ್ಲ.

ನಮ್ಮ ದೇವನೂರಿಗೆ ಹೆಸರು ಬಂದಿದ್ದು ಲಕ್ಷ್ಮೀಕಾಂತಸ್ವಾಮಿಯಿಂದ, ಜೈಮಿನಿ ಭಾರತ ಬರೆದ ಲಕ್ಷ್ಮೀಶನಿಂದ. ಆ ವಾರ್ಧಕ ಷಟ್ಪದಿಯನ್ನ ರಾಗವಾಗಿ ಓದಿದ್ರೆ ಕಿವಿ ತುಂಬುತ್ತೆ. ಚಂದ್ರಹಾಸನ ಕಥೆ, ಕಾಡಿಗೆ ಹೋದ ಸೀತೆಯ ಕಥೆ ಎಲ್ಲಾ ಅದರಲ್ಲೈತೆ. ಲಕ್ಷ್ಮೀಶನ ಊರಿನ ಹೆಂಗಸರಿಗೆ ಕಾರ್ತೀಕದ ಒಂದು ಸಂಜೆ ಕೂತು ಅದನ್ನ ಕೇಳೋಕೆ ಪುರುಸೊತ್ತಿಲ್ಲ ಅಂದ್ರೆ, ಹಬ್ಬ ಯಾರಿಗೆ ಬಂತು ಹೇಳಿ?

ಈ ಸಲ ಪಟ್ಟಿಯನ್ನ ಬಾಯಲ್ಲಿ ಹೇಳಬೇಡಿ, ಬರೆದು ಗೋಡೆಗೆ ಅಂಟಿಸಿ. ಪ್ರತಿ ಕೆಲಸದ ಮುಂದೆ ಒಂದು ಹೆಸರು ಹಾಕಿ. ನಿಮ್ಮ ಹೆಸರು ಮೂರು ಸಲಕ್ಕಿಂತ ಜಾಸ್ತಿ ಬಂದ್ರೆ ಅಳಿಸಿ, ಪೆನ್ನು ಪಕ್ಕದೋರ ಕೈಗೆ ಕೊಡಿ.