ಜಾರುವುದಕ್ಕೂ ಲೆಕ್ಕವಿದೆ

ತಿರುವಿನಲ್ಲಿ ವಾಹನ ಜಾರಿತೆಂದರೆ ಒಳಗೆ ಕುಳಿತವರ ಎದೆ ಧಸಕ್ಕೆನ್ನುತ್ತದೆ. ಆದರೆ ಬೇಕೆಂದೇ ಕಾರನ್ನು ಜಾರಿಸಿ, ಅಡ್ಡಡ್ಡಲಾಗಿ ತಿರುವು ದಾಟಿಸಿ, ಮತ್ತೆ ನೇರ ಮಾಡಿಕೊಂಡು ಮುಂದೆ ಹೋಗುವವರೂ ಇದ್ದಾರೆ. ಈ ಆಟದ ಹೆಸರು ‘ಡ್ರಿಫ್ಟಿಂಗ್’. ಇದು ಬೆಳೆದದ್ದು ಜಪಾನಿನಲ್ಲಿ. ಅಲ್ಲಿನ ಎಷ್ಟೋ ಯುವಕರು ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ಮನೆಯ ಶೆಡ್ಡಿನಲ್ಲಿಯೇ ಬಿಚ್ಚಿ, ಬದಲಾಯಿಸಿ, ಜೋಡಿಸುತ್ತಾರೆ. ವಾರವಿಡೀ ಅದೇ ಕಾರಿನಲ್ಲಿ ಕೆಲಸಕ್ಕೆ ಹೋಗಬೇಕು. ರಜೆಯ ದಿನ ಅದನ್ನೇ ರೇಸ್ ಟ್ರ್ಯಾಕಿನಲ್ಲಿ ಜಾರಿಸಬೇಕು ಎಂಬುದು ಅವರ ಆಸೆ.

ಒಂದೇ ಕಾರು ಈ ಎರಡೂ ಕೆಲಸಕ್ಕೆ ಒದಗೀತೇ? ಇದಕ್ಕೆ ಉತ್ತರ ಬಹುಮಟ್ಟಿಗೆ ಹೈಸ್ಕೂಲಿನ ಭೌತಶಾಸ್ತ್ರದಲ್ಲಿಯೇ ಇದೆ.

ಸಣ್ಣ ಕಾರು, ದೊಡ್ಡ ಹೆಸರು

ಈ ಆಟಕ್ಕೆ ಹೆಸರಾದ ಕಾರು ಟೊಯೋಟಾದ ‘ಎಇ86’. 1983ರಿಂದ 1987ರವರೆಗೆ ಕೊರೊಲಾ ಲೆವಿನ್ ಮತ್ತು ಸ್ಪ್ರಿಂಟರ್ ಟ್ರುಯೆನೊ ಎಂಬ ಎರಡು ಹೆಸರಿನಲ್ಲಿ ಇದು ತಯಾರಾಯಿತು. ಜಪಾನೀಯರು ಇದನ್ನು ಪ್ರೀತಿಯಿಂದ ‘ಹಾಚಿ ರೋಕು’ ಎನ್ನುತ್ತಾರೆ, ಹಾಗೆಂದರೆ ಎಂಟು-ಆರು. ಎಂಜಿನ್ 1587 ಸಿ.ಸಿ. ಮಾತ್ರ, ಕಾರಿನ ತೂಕ ಸುಮಾರು 940 ಕಿಲೋ. ಅದೇ ಕಾಲದ ಇತರ ಕೊರೊಲಾ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗತೊಡಗಿತ್ತು. ಇದರಲ್ಲಿ ಮಾತ್ರ ಹಳೆಯ ಪದ್ಧತಿಯಂತೆ ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಗಳಿಗೆ. ಜಾರಿಸುವವರಿಗೆ ಬೇಕಾದದ್ದು ಇದೇ.

1956ರಲ್ಲಿ ಹುಟ್ಟಿದ ಕೆಯಿಚಿ ತ್ಸುಚಿಯ ಎಂಬ ಚಾಲಕ ಈ ಕಾರಿನಿಂದಲೇ ‘ಡ್ರಿಫ್ಟ್ ಕಿಂಗ್’ ಎನಿಸಿಕೊಂಡರು. 1987ರ ‘ಪ್ಲಸ್ಪಿ’ ಎಂಬ ವೀಡಿಯೊದಲ್ಲಿ ಅವರು ಬೆಟ್ಟದ ರಸ್ತೆಯಲ್ಲಿ ಕಾರು ಜಾರಿಸಿದ್ದನ್ನು ಕಂಡ ಹುಡುಗರು ಹುಚ್ಚೆದ್ದರು. 1995ರಲ್ಲಿ ಶುಯಿಚಿ ಶಿಗೆನೊ ‘ಇನಿಷಿಯಲ್ ಡಿ’ ಎಂಬ ಚಿತ್ರಕಥಾ ಮಾಲೆ ಆರಂಭಿಸಿದ ಮೇಲಂತೂ ಈ ಸಾಧಾರಣ ಕಾರಿಗೆ ದೇವರ ತೇರಿನ ಮರ್ಯಾದೆ ಬಂತು. ಕಥೆಯ ನಾಯಕ ತೋಫು, ಅಂದರೆ ಸೋಯಾ ಹಾಲಿನ ಗಟ್ಟಿ ಮೊಸರು, ಮಾರುವವನ ಮಗ. ಕಾರಿನಲ್ಲಿ ನೀರು ತುಂಬಿದ ಲೋಟವಿಟ್ಟು, ಚೆಲ್ಲದಂತೆ ಬೆಟ್ಟ ಇಳಿಯುವುದು ಅಪ್ಪ ಕಲಿಸಿದ ಪಾಠ. ಕಥೆ ಕಲ್ಪಿತವಾದರೂ ಪಾಠ ನಿಜ. ಕಾರು ಒರಟಾಗಿ ತಿರುಗಿದರೆ ಜಡತ್ವದಿಂದ ನೀರು ತಿರುವಿನ ಹೊರಮಗ್ಗುಲಿಗೆ ಏರಿ ಚೆಲ್ಲುತ್ತದೆ.

ನಾಲ್ಕು ಅಂಗೈಗಳ ಮೇಲೆ ಒಂದು ಟನ್

ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಪ್ರತಿ ಟೈರಿನಲ್ಲೂ ಹೆಚ್ಚುಕಡಿಮೆ ಅಂಗೈಯಷ್ಟು ಜಾಗ ಮಾತ್ರ ರಸ್ತೆಗೆ ಅಂಟಿರುತ್ತದೆ. ಓಡಲು, ನಿಲ್ಲಲು, ತಿರುಗಲು ಬೇಕಾದ ಬಲವೆಲ್ಲ ಈ ನಾಲ್ಕು ಅಂಗೈಗಳ ಘರ್ಷಣೆಯಿಂದಲೇ ಬರಬೇಕು.

ವಸ್ತು ವೃತ್ತದಲ್ಲಿ ತಿರುಗಲು ಕೇಂದ್ರಾಭಿಮುಖ ಬಲ ಬೇಕು. ಅದು ರಾಶಿ ಗುಣಿಸು ವೇಗದ ವರ್ಗ, ಭಾಗಿಸು ತ್ರಿಜ್ಯ. 30 ಮೀಟರ್ ತ್ರಿಜ್ಯದ ತಿರುವನ್ನು 940 ಕಿಲೋ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರಿನಂತೆ, ದಾಟಲು ಬೇಕಾಗುವ ಬಲ ಸುಮಾರು 3130 ನ್ಯೂಟನ್. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು: ಸುಮಾರು 12,530 ನ್ಯೂಟನ್. ಆದರೆ ಕಾರಿನ ತೂಕವೇ 9,200 ನ್ಯೂಟನ್. ಒಣ ರಸ್ತೆಯಲ್ಲಿ ಘರ್ಷಣಾಂಕ 1 ಎಂದಿಟ್ಟುಕೊಂಡರೂ ಟೈರುಗಳು ಕೊಡಬಲ್ಲ ಬಲ ಅಷ್ಟೇ. ಹೀಗಾಗಿ ಆ ತಿರುವಿನ ಮಿತಿ ಗಂಟೆಗೆ ಸುಮಾರು 62 ಕಿ.ಮೀ. ಮಳೆ ಬಂದು ಘರ್ಷಣಾಂಕ ಅರ್ಧಕ್ಕಿಳಿದರೆ ಮಿತಿ 44 ಕಿ.ಮೀ. ಗಮನಿಸಬೇಕಾದ ಅಂಶವೆಂದರೆ ಈ ಲೆಕ್ಕದಲ್ಲಿ ಎಂಜಿನ್ನಿನ ಶಕ್ತಿ ಎಲ್ಲಿಯೂ ಬರುವುದೇ ಇಲ್ಲ.

ಹಾಗಾದರೆ ಬೇಕೆಂದೇ ಜಾರಿಸುವುದು ಹೇಗೆ? ಟೈರಿನ ಘರ್ಷಣೆ ತಿಂಗಳ ಸಂಬಳವಿದ್ದಂತೆ. ಒಂದು ಬಾಬ್ತಿಗೆ ಹೆಚ್ಚು ಖರ್ಚಾದರೆ ಇನ್ನೊಂದಕ್ಕೆ ಕಡಿಮೆ. ಟೈರಿನ ಹಿಡಿತ ಒಟ್ಟು 10 ಪಾಲು ಎನ್ನೋಣ. ಮುಂದಕ್ಕೆ ತಳ್ಳಲು 6 ಪಾಲು ಖರ್ಚಾದರೆ ಪಕ್ಕಕ್ಕೆ ಹಿಡಿದಿಡಲು 8 ಪಾಲು ಉಳಿಯುತ್ತದೆ. 4 ಏಕಲ್ಲ? ಎರಡು ಬಲಗಳೂ ಒಂದಕ್ಕೊಂದು ಲಂಬವಾಗಿರುವುದರಿಂದ ಇಲ್ಲಿ ಪೈಥಾಗೊರಸನ ಲೆಕ್ಕ: 6ರ ವರ್ಗ, 8ರ ವರ್ಗ ಕೂಡಿದರೆ 10ರ ವರ್ಗ. ಚಾಲಕ ಆಕ್ಸಿಲರೇಟರ್ ಇನ್ನೂ ಒತ್ತಿ ಹಿಂದಿನ ಟೈರಿನ 10 ಪಾಲನ್ನೂ ತಳ್ಳುವುದಕ್ಕೇ ಕಳೆದರೆ ಪಕ್ಕಕ್ಕೆ ಏನೂ ಉಳಿಯುವುದಿಲ್ಲ. ಕಾರಿನ ಹಿಂಭಾಗ ಹೊರಕ್ಕೆ ಓಡುತ್ತದೆ. ಎಡ ತಿರುವಿನಲ್ಲಿ ಹಿಂಭಾಗ ಬಲಕ್ಕೆ ಜಾರಿದರೆ ಚಾಲಕ ಸ್ಟೀರಿಂಗನ್ನೂ ಬಲಕ್ಕೆ ತಿರುಗಿಸಿ, ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡುತ್ತ ಸಮತೋಲ ಕಾಯುತ್ತಾನೆ. ಡ್ರಿಫ್ಟಿಂಗ್ ಎಂದರೆ ಇಷ್ಟೇ. ಹೇಳಲು ಸುಲಭ, ಮಾಡಲು ವರ್ಷಗಳ ಅಭ್ಯಾಸ ಬೇಕು.

ಶೆಡ್ಡಿನಲ್ಲಿ ನಡೆಯುವ ಬದಲಾವಣೆಗಳು

ಮನೆಯಲ್ಲಿ ಕಾರು ಬಿಚ್ಚುವವರು ಮೊದಲು ಕೈಹಾಕುವುದು ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್‌ಗೆ. ಕಾರು ತಿರುಗುವಾಗ ಹೊರಚಕ್ರ ಹೆಚ್ಚು ದೂರ ಓಡಬೇಕು. ಎರಡು ಚಕ್ರಗಳ ನಡುವಿನ ಅಂತರ 1.35 ಮೀಟರ್ ಇದ್ದರೆ, ಒಂದು ಪೂರ್ತಿ ಸುತ್ತಿನಲ್ಲಿ ಹೊರಚಕ್ರ ಸುಮಾರು ಎಂಟೂವರೆ ಮೀಟರ್ ಹೆಚ್ಚು ಉರುಳುತ್ತದೆ. ಸುತ್ತು ಚಿಕ್ಕದಿರಲಿ, ದೊಡ್ಡದಿರಲಿ, ಈ ವ್ಯತ್ಯಾಸ ಅಷ್ಟೇ! ಎರಡೂ ಚಕ್ರಗಳಿಗೆ ಬೇರೆಬೇರೆ ವೇಗ ಕೊಡುವುದು ಡಿಫರೆನ್ಷಿಯಲ್‌ನ ಕೆಲಸ. ಆದರೆ ಜಾರಿಸುವಾಗ ಇದೇ ಅಡ್ಡಿ. ಭಾರ ಕಳೆದುಕೊಂಡ ಒಳಚಕ್ರ ಸುಮ್ಮನೆ ಗಿರಗಿರ ಸುತ್ತಿ ಶಕ್ತಿ ಪೋಲಾಗುತ್ತದೆ.

ಹಣವಿದ್ದವರು ‘ಲಿಮಿಟೆಡ್ ಸ್ಲಿಪ್’ ಡಿಫರೆನ್ಷಿಯಲ್ ಹಾಕಿಸುತ್ತಾರೆ. ಅದರೊಳಗಿನ ಕ್ಲಚ್ ಬಿಲ್ಲೆಗಳು ಎರಡು ಚಕ್ರಗಳ ವೇಗ ತೀರಾ ಬೇರೆಯಾಗದಂತೆ ಹಿಡಿಯುತ್ತವೆ. ಹಣವಿಲ್ಲದವರು ಒಳಗಿನ ಗಿಯರುಗಳನ್ನೇ ವೆಲ್ಡ್ ಮಾಡಿಬಿಡುತ್ತಾರೆ. ಟ್ರ್ಯಾಕಿನಲ್ಲಿ ಇದು ನಡೆಯುತ್ತದೆ. ಆದರೆ ಮಾರನೆಯ ದಿನ ಮಳೆಯಲ್ಲಿ ಅದೇ ಕಾರು ರಸ್ತೆಗಿಳಿದಾಗ, ಆ ಎಂಟೂವರೆ ಮೀಟರ್ ವ್ಯತ್ಯಾಸವನ್ನು ಟೈರು ಉಜ್ಜಿಯೇ ತೀರಿಸಬೇಕು. ಚಾಲಕ ಬಯಸದಿದ್ದರೂ ಹಿಂಭಾಗ ಜಾರುವ ಅಪಾಯವಿದೆ. ಆಕ್ಸಲ್ ಮೇಲೂ ಸದಾ ತಿರುಚು ಬಲ ಬೀಳುತ್ತದೆ.

ಎರಡನೆಯದು ಸ್ಪ್ರಿಂಗ್. ಕಾರು ತಗ್ಗಾಗಿ, ಬಿಗಿಯಾಗಿ ಇದ್ದರೆ ಚಾಲಕನ ಕೈಮಾತು ಬೇಗ ಕೇಳುತ್ತದೆ. ಅದಕ್ಕಾಗಿ ತಯಾರಾದ ಗಿಡ್ಡ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿಗಳು ಸಿಗುತ್ತವೆ. ಕೆಲವರು ಇದ್ದ ಸ್ಪ್ರಿಂಗನ್ನೇ ಕತ್ತರಿಸುತ್ತಾರೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಿದರೆ ಅದರ ಬಿಗುವು ಆರಕ್ಕೆ ಐದರ ಪ್ರಮಾಣದಲ್ಲಿ, ಅಂದರೆ ಶೇ 20ರಷ್ಟು, ಏರುತ್ತದೆ. ಆದರೆ ಉದ್ದ ಕಡಿಮೆಯಾದ ಸ್ಪ್ರಿಂಗ್, ಗುಂಡಿಯಲ್ಲಿ ಚಕ್ರ ಕೆಳಗಿಳಿದಾಗ ತನ್ನ ತಟ್ಟೆಯಿಂದ ಕಳಚಿಕೊಳ್ಳಬಹುದು. ಜಪಾನಿನಲ್ಲಿ ಕಾರಿನ ತಳ ನೆಲದಿಂದ ಕನಿಷ್ಠ 9 ಸೆಂಟಿಮೀಟರ್ ಎತ್ತರ ಇರಬೇಕೆಂದು ನಿಯಮವಿದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆಯೂ ಇದೆ.

ಮೂರನೆಯದು ಸ್ಟೀರಿಂಗ್. ಕಾರು ಅಡ್ಡವಾಗಿ ಜಾರುವಾಗ ಮುಂಚಕ್ರಗಳು ಮಾಮೂಲಿಗಿಂತ ಹೆಚ್ಚು ಕೋನಕ್ಕೆ ತಿರುಗಬೇಕು. ಚಕ್ರವನ್ನು ತಿರುಗಿಸುವ ‘ನಕಲ್ ಆರ್ಮ್’ ಎಂಬ ಲೋಹದ ತೋಳನ್ನು ಗಿಡ್ಡ ಮಾಡಿದರೆ ಅಷ್ಟೇ ಎಳೆತಕ್ಕೆ ಹೆಚ್ಚು ಕೋನ ಸಿಗುತ್ತದೆ. ಸನ್ನೆಗೋಲಿನ ನಿಯಮದಂತೆ ಸ್ಟೀರಿಂಗ್ ಭಾರವೂ ಆಗುತ್ತದೆ. ತೋಳನ್ನು ಕತ್ತರಿಸಿ ಮನೆಯಲ್ಲಿ ವೆಲ್ಡ್ ಮಾಡಿದರೆ ಏನಾದೀತು? ಬೆಸುಗೆ ಬಿಟ್ಟುಕೊಂಡ ಕ್ಷಣ ಸ್ಟೀರಿಂಗ್ ಕೈಯಲ್ಲಿರುತ್ತದೆ, ಚಕ್ರ ತನ್ನ ದಾರಿ ಹಿಡಿಯುತ್ತದೆ. ಈ ಭಾಗ ಎಷ್ಟು ಮುಖ್ಯವೆಂದರೆ, 2021ರಲ್ಲಿ ಟೊಯೋಟಾ ಎಇ86ಕ್ಕೆ ಬಿಡಿಭಾಗಗಳನ್ನು ಮತ್ತೆ ತಯಾರಿಸುವುದಾಗಿ ಪ್ರಕಟಿಸಿದಾಗ ಮೊದಲ ಪಟ್ಟಿಯಲ್ಲಿದ್ದವು ಈ ಸ್ಟೀರಿಂಗ್ ನಕಲ್ ಆರ್ಮ್ ಮತ್ತು ಹಿಂದಿನ ಬ್ರೇಕಿನ ಕ್ಯಾಲಿಪರ್.

ಹಳೆಯ ಕಾರು, ಹಳೆಯ ರಬ್ಬರು

ಹುಡುಗರಿಗೆ ಎಂಜಿನ್ ಮೇಲೆ ಕಣ್ಣು. ಆದರೆ ನಾಲ್ಕು ದಶಕದ ಕಾರಿಗೆ ಮೊದಲು ಬೇಕಾದದ್ದು ಸದ್ದಿಲ್ಲದ ಕೆಲಸ. ಬುಷ್‌ಗಳ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ತಳಪಾಯಕ್ಕೆ ತುಕ್ಕು ಹತ್ತಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ. ‘ಡಾಟ್ 3’ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು; ತೇವ ಸೇರಿದ ಮೇಲೆ ಈ ಮಟ್ಟ 140 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದು ಆವಿಯಾದರೆ ಪೆಡಲ್ ಒತ್ತಿದಾಗ ಆವಿ ಕುಗ್ಗುತ್ತದೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ಬೆಟ್ಟದ ಇಳಿಜಾರಿನಲ್ಲಿ ಇದಕ್ಕಿಂತ ದೊಡ್ಡ ಆಪತ್ತಿಲ್ಲ.

ಎಂಜಿನ್ನಿಗೂ ತಂಪು ಬೇಕು. ಕಾರು ಅಡ್ಡವಾಗಿ ಜಾರುವಾಗ ಎಂಜಿನ್ ಜೋರಾಗಿ ಸುತ್ತುತ್ತಿರುತ್ತದೆ, ಆದರೆ ರೇಡಿಯೇಟರಿಗೆ ಎದುರುಗಾಳಿ ಸರಿಯಾಗಿ ಬಡಿಯುವುದಿಲ್ಲ. ಆದ್ದರಿಂದ ತಿಳಿದವರು ಹೆಚ್ಚು ಕುದುರೆಶಕ್ತಿಗೆ ಹಣ ಸುರಿಯುವ ಮೊದಲು ರೇಡಿಯೇಟರ್, ಬ್ರೇಕ್, ಟೈರುಗಳಿಗೆ ಖರ್ಚು ಮಾಡುತ್ತಾರೆ.

ಶೆಡ್ಡಿನೊಳಗೂ ಅಪಾಯವಿದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಗಟ್ಟಿಯಾದ ಜಾಕ್ ಸ್ಟ್ಯಾಂಡ್ ಕೊಟ್ಟೇ ಕೆಲಸ ಮಾಡಬೇಕು. ಒಂದು ಮಿಲಿಮೀಟರ್ ಒತ್ತಲು 20 ನ್ಯೂಟನ್ ಬೇಡುವ ಸ್ಪ್ರಿಂಗನ್ನು 150 ಮಿಲಿಮೀಟರ್ ಒತ್ತಿ ಹಿಡಿದರೆ ಅದರಲ್ಲಿ 225 ಜೂಲ್ ಶಕ್ತಿ ಅಡಗಿರುತ್ತದೆ. ಒಂದು ಕಿಲೋ ಕಲ್ಲು 23 ಮೀಟರ್ ಎತ್ತರದಿಂದ ಬಿದ್ದರೆ ಎಷ್ಟು ಪೆಟ್ಟೋ ಅಷ್ಟು. ಅಂಥ ಸ್ಪ್ರಿಂಗ್ ಕೈತಪ್ಪಿ ಮುಖದ ಕಡೆ ಚಿಮ್ಮಿದರೆ?

ಎರಡು ದೋಣಿಯ ಪಯಣ

ಮೇಲಿನ ಪ್ರತಿ ಬದಲಾವಣೆಯಲ್ಲೂ ಒಂದು ಸಂಗತಿ ಎದ್ದುಕಾಣುತ್ತದೆ. ಜಾರುವುದಕ್ಕೆ ಅನುಕೂಲವಾದದ್ದು ರಸ್ತೆಗೆ ಪ್ರತಿಕೂಲ. ರಸ್ತೆಯ ಕಾರು ಚಾಲಕ ತಪ್ಪಿದರೂ ಹಿಡಿತ ಬಿಡಬಾರದು. ಡ್ರಿಫ್ಟಿಂಗ್ ಕಾರು ಚಾಲಕ ಹೇಳಿದೊಡನೆ ಹಿಡಿತ ಬಿಡಬೇಕು. ಟ್ರ್ಯಾಕಿನಲ್ಲಿ ಲೆಕ್ಕ ತಪ್ಪಿದರೆ ಸುತ್ತ ಖಾಲಿ ಜಾಗವಿದೆ, ಎದುರು ವಾಹನವಿಲ್ಲ. ರಸ್ತೆಯಲ್ಲಿ ಶಾಲೆಯ ಮಗು, ಸೈಕಲ್ ಸವಾರ, ಹಾಲಿನ ಗಾಡಿ ಎಲ್ಲ ಇರುತ್ತವೆ. ಅದಕ್ಕಾಗಿಯೇ ಜಪಾನಿನ ಅನೇಕ ಬೆಟ್ಟದ ತಿರುವುಗಳಲ್ಲಿ ಜಾರಿಸುವವರನ್ನು ತಡೆಯಲು ರಸ್ತೆಯ ಮೇಲೆ ಉಬ್ಬುಗಳನ್ನು ಕೂರಿಸಿದ್ದಾರೆ.

ಎರಡೂ ಬೇಕೆನ್ನುವವನು ರಾಜಿಗೆ ಒಪ್ಪಬೇಕು: ವೆಲ್ಡ್ ಬಿಟ್ಟು ಲಿಮಿಟೆಡ್ ಸ್ಲಿಪ್, ಮಿತವಾಗಿ ಬಿಗಿಯಾದ ಸ್ಪ್ರಿಂಗ್, ಕಾರ್ಖಾನೆಯಲ್ಲಿ ತಯಾರಾದ ಸ್ಟೀರಿಂಗ್ ಭಾಗ, ಮೊದಲಿನಂತೆಯೇ ಉಳಿದ ಪಾರ್ಕಿಂಗ್ ಬ್ರೇಕ್, ಎಲ್ಲಕ್ಕೂ ತಪಾಸಣೆಯ ಮುದ್ರೆ.

ತ್ಸುಚಿಯ ಅವರ ಮುಂದಿನ ಹಾದಿಯನ್ನೂ ಹುಡುಗರು ತಿಳಿಯಬೇಕು. 1970ರ ದಶಕದ ರೇಸುಗಳಲ್ಲಿ ಕಾರು ಜಾರಿಸಿ ತಿರುವು ದಾಟುತ್ತಿದ್ದ ಕುನಿಮಿತ್ಸು ತಕಹಾಶಿ ಅವರಿಗೆ ಮಾದರಿಯಾಗಿದ್ದವರು. 1995ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿನಲ್ಲಿ ತ್ಸುಚಿಯ ಅದೇ ತಕಹಾಶಿಯವರೊಂದಿಗೆ, ಅಕಿರಾ ಇಡಾ ಎಂಬ ಮೂರನೆಯ ಚಾಲಕನನ್ನೂ ಕೂಡಿಕೊಂಡು, ಹೋಂಡಾ ಕಾರಿನಲ್ಲಿ ತಮ್ಮ ವರ್ಗದ ಮೊದಲ ಸ್ಥಾನ ಗೆದ್ದರು. ಮುಂದೆ ಜಪಾನಿನಲ್ಲಿ ‘ಡಿ1’ ಎಂಬ ಡ್ರಿಫ್ಟಿಂಗ್ ಸ್ಪರ್ಧೆಯೇ ಆರಂಭವಾದಾಗ ಅದರ ಹಿಂದೆಯೂ ತ್ಸುಚಿಯ ಇದ್ದರು. ಬೆಟ್ಟದ ರಸ್ತೆಯ ಆಟ ಹೀಗೆ ಬೇಲಿಯೊಳಗಿನ ಕ್ರೀಡೆಯಾಯಿತು.

ನಮ್ಮ ದೇಶದ ಕಾನೂನನ್ನೂ ಪಾಲಕರು ಬಲ್ಲವರಾಗಿರಬೇಕು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ವಾಹನದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕ ವಾಹನ ಓಡಿಸಿ ಅಪರಾಧ ಎಸಗಿದರೆ ಪಾಲಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸಜೆ.

ಹಾಗೆಂದು ಸ್ಪ್ಯಾನರ್ ಹಿಡಿದ ಮಗನನ್ನೋ ಮಗಳನ್ನೋ ಗದರಿಸಿ ಕಳಿಸಬೇಕಾಗಿಲ್ಲ. ‘ಇದನ್ನು ಗಿಡ್ಡ ಮಾಡಿದರೆ ಏನಾಗುತ್ತದೆ, ಲೆಕ್ಕ ಮಾಡಿ ತೋರಿಸು’ ಎಂದರೆ ಸಾಕು. ಲೆಕ್ಕ ಮಾಡಿದ ಕೈ ತಾನಾಗಿಯೇ ಎಚ್ಚರ ಕಲಿಯುತ್ತದೆ.

ಮಾಡಿ ನೋಡಿ

ಒಂದು ಮರದ ತುಂಡಿಗೆ ಕೊಕ್ಕೆ ಹಾಕಿ, ಶಾಲೆಯ ಸ್ಪ್ರಿಂಗ್ ತ್ರಾಸಿನಿಂದ ಮೇಜಿನ ಮೇಲೆ ಮೆಲ್ಲನೆ ಎಳೆಯಿರಿ. ತುಂಡು ಹೊರಡುವ ಮುನ್ನ ತ್ರಾಸು ತೋರಿಸಿದ ಗರಿಷ್ಠ ಅಂಕಿಯನ್ನೂ, ಹೊರಟ ಮೇಲೆ ಒಂದೇ ವೇಗದಲ್ಲಿ ಜಾರುವಾಗಿನ ಅಂಕಿಯನ್ನೂ ಬರೆದುಕೊಳ್ಳಿ. ಎರಡನೆಯದು ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಸ್ಥಾಯೀ ಘರ್ಷಣೆಗಿಂತ ಜಾರು ಘರ್ಷಣೆ ಕಡಿಮೆ ಎಂಬ ಪಾಠ ಇದೇ. ಜಾರತೊಡಗಿದ ಟೈರಿಗೆ ಹಿಡಿತ ಮರಳಿ ಸಿಗುವುದು ಏಕೆ ಕಷ್ಟವೆಂದು ಈಗ ಯೋಚಿಸಿ. ಆಮೇಲೆ ಮೇಜಿನ ಮೇಲೆ ತೆಳ್ಳಗೆ ನೀರು ಹರಡಿ ಮತ್ತೊಮ್ಮೆ ಎಳೆಯಿರಿ. ಎರಡೂ ಸಲದ ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ಮನೆಯಲ್ಲಿ ವಾಹನ ಓಡಿಸುವವರಿಗೆ ತೋರಿಸಿ.